ಬ್ರೌಸರ್‌ನೊಳಗಿನ ಕಪ್ಪು ಪರದೆ

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಕಡಿಮೆ ದುಡ್ಡಿನವರಿಗೆ ಸಿಕ್ಕಿದ್ದು ಶೆಲ್ ಅಕೌಂಟ್. ಮೋಡೆಮ್ ಕಿರುಚಿ ಸುಮ್ಮನಾದ ಮೇಲೆ ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ವೆಬ್ ನೋಡಬೇಕೆಂದರೆ ಅದರೊಳಗೇ ಲಿಂಕ್ಸ್ ಎಂಬ ಚಿತ್ರವಿಲ್ಲದ ಬ್ರೌಸರ್. ಟರ್ಮಿನಲ್ ಎಂಬ ಆ ಕಿಂಡಿಯಿಂದಲೇ ನನ್ನ ವಾರಿಗೆಯ ಎಷ್ಟೋ ಜನ ಮೊದಲ ಸಲ ವೆಬ್ ಕಂಡರು. ಇಂದು ದಾರಿ ತಿರುವುಮುರುವಾಗಿದೆ: ಬ್ರೌಸರ್ ತೆರೆದು, ಅದರೊಳಗೆ ದೂರದ ಸರ್ವರ್‌ನ ಟರ್ಮಿನಲ್ ತೆರೆಯುತ್ತೇವೆ.

ಅದೇ 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಹಿಡಿದರು. ಆಗೆಲ್ಲ ದೂರದ ಯಂತ್ರ ತಲುಪಲು ಟೆಲ್ನೆಟ್, ಒತ್ತಿದ ಪ್ರತಿ ಅಕ್ಷರವೂ ಬೆತ್ತಲಾಗಿ ತಂತಿಯ ಮೇಲೆ ಹೋಗುತ್ತಿತ್ತು. ಅಲ್ಲಿದ್ದ ಟಾಟು ಯ್ಲೋನೆನ್ ಅದಕ್ಕೆ ಉತ್ತರವಾಗಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಫೈಲ್ ಸಾಗಿಸುವ ಎಫ್‌ಟಿಪಿಯ ಪೋರ್ಟ್ 21, ಟೆಲ್ನೆಟ್‌ನದು 23. ಎರಡನ್ನೂ ಬದಲಿಸಲು ಹೊರಟವರು ನಡುವಿನ 22 ಅನ್ನು ಕೇಳಿ ಪಡೆದರು. ಸರ್ವರ್ ನೋಡಿಕೊಳ್ಳುವ ಕೆಲಸದಲ್ಲೇ ತಲೆ ನರೆತ ನನಗೆ ಎಸ್‌ಎಸ್‌ಎಚ್‌ಗಿಂತ ದೊಡ್ಡ ಉಪಕಾರ ಇನ್ನೊಂದು ಕಾಣದು.

ಆದರೆ ಕಚೇರಿ, ಹೋಟೆಲ್, ಸೈಬರ್ ಕೆಫೆಗಳ ಫೈರ್‌ವಾಲ್‌ಗಳು 22 ಅನ್ನು ಎಷ್ಟೋ ಕಡೆ ಮುಚ್ಚಿದವು. ವೆಬ್ಬಿನ 80, 443 ಮಾತ್ರ ತೆರೆದಿರುತ್ತಿದ್ದವು. ನಡುರಾತ್ರಿ ಸರ್ವರ್ ನಿಂತರೆ ಏನು ಮಾಡುವುದು? ಹಾಗಾಗಿ ಟರ್ಮಿನಲ್ ಬ್ರೌಸರ್‌ನೊಳಗೆ ನುಗ್ಗಿತು. ಮೊದಲು ಮೈಂಡ್‌ಟರ್ಮ್‌ನಂಥ ಜಾವಾ ಆಪ್ಲೆಟ್‌ಗಳು, ಆಮೇಲೆ ಅಜಾಕ್ಸ್‌ಟರ್ಮ್, ಶೆಲ್ ಇನ್ ಎ ಬಾಕ್ಸ್. ಕೊನೆಯ ಎರಡಕ್ಕೆ ಒಂದು ಕಷ್ಟವಿತ್ತು. ವೆಬ್ಬಿನಲ್ಲಿ ಬ್ರೌಸರ್ ಕೇಳಿದರಷ್ಟೇ ಸರ್ವರ್ ಉತ್ತರಿಸಬೇಕು. ಟರ್ಮಿನಲ್ಲಿಗೋ ಕೇಳದೆಯೂ ಸುದ್ದಿ ಬರುತ್ತಿರಬೇಕು. ಬ್ರೌಸರ್ ಮತ್ತೆ ಮತ್ತೆ ‘ಏನಾದರೂ ಬಂತೇ’ ಎಂದು ಕೇಳುತ್ತಲೇ ಇರಬೇಕಾಗಿತ್ತು. 2011ರ ಡಿಸೆಂಬರ್‌ನಲ್ಲಿ, ಎರಡೂ ಕಡೆಯಿಂದ ಮಾತಾಡಬಲ್ಲ ವೆಬ್‌ಸಾಕೆಟ್ ಮಾನಕವಾದ ಮೇಲೆ ಆ ತೊಡಕು ಹರಿಯಿತು.

ಅದೇ ವರ್ಷ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಪ್ರೋಗ್ರಾಮರ್ ಬ್ರೌಸರ್‌ನಲ್ಲೇ ಲಿನಕ್ಸ್ ಓಡಿಸಿ ತೋರಿಸಿದ್ದರು. ಅದಕ್ಕೆಂದು ಬರೆದ ಟರ್ಮಿನಲ್ ಟರ್ಮ್.ಜೆಎಸ್ ಆಗಿ, ಅದು ಎಕ್ಸ್‌ಟರ್ಮ್.ಜೆಎಸ್ ಆಗಿ, ಈಗ ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್‌ನೊಳಗೂ ಕೂತಿದೆ. ಅದು ಅನುಕರಿಸುವುದು 1978ರ ವಿಟಿ100 ಯಂತ್ರದ ವಂಶವನ್ನು: ಸಮ ಅಳತೆಯ ಚೌಕ, ಚೌಕಕ್ಕೊಂದು ಅಕ್ಷರ. ನಮ್ಮ ಒತ್ತಕ್ಷರಗಳು ಆ ಚೌಕದಲ್ಲಿ ಕೂರುವುದಿಲ್ಲ. ಕನ್ನಡದ ಫೈಲ್ ಹೆಸರು ಅಲ್ಲಿ ಚೆಲ್ಲಾಪಿಲ್ಲಿಯಾಗುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸುರಕ್ಷತೆಯ ಮಾತಿಗೆ ಬಂದರೆ ನಾನು ಕಟುವಾಗಿಯೇ ಹೇಳುತ್ತೇನೆ. ವಿಳಾಸದ ಪಟ್ಟಿಯಲ್ಲಿ ಬೀಗದ ಗುರುತು ಕಂಡ ಮಾತ್ರಕ್ಕೆ ನಂಬಬಾರದು. ಸಾಮಾನ್ಯವಾಗಿ ಆ ಬೀಗ ನಡುವಿನ ಗೇಟ್‌ವೇ ಯಂತ್ರದವರೆಗೆ ಮಾತ್ರ. ಅಲ್ಲಿ ಗೂಢಲಿಪಿ ಬಿಚ್ಚಿ, ಅಲ್ಲಿಂದ ಮುಂದೆ ಹೊಸ ಎಸ್‌ಎಸ್‌ಎಚ್ ಶುರು. ಗೇಟ್‌ವೇ ಯಾರದೋ ಅವರು ನಾವು ಒತ್ತಿದ್ದನ್ನೆಲ್ಲ ಓದಬಲ್ಲರು. ಗೂಗಲ್‌ನ ಸೆಕ್ಯೂರ್ ಶೆಲ್ ವಿಸ್ತರಣೆ ಹಾಗಲ್ಲ. ಓಪನ್‌ಎಸ್‌ಎಸ್‌ಎಚ್ ಅನ್ನೇ ಬ್ರೌಸರ್‌ನೊಳಗೆ ಓಡಿಸುವುದರಿಂದ ಕೀಲಿ ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಗೇಟ್‌ವೇ ಬೇಕೇಬೇಕು ಎನ್ನುವ ಹುಡುಗರಿಗೆ ನಾನು ಹೇಳುವುದಿಷ್ಟು: ಅದು ನಿಮ್ಮದೇ ಆಗಿರಲಿ, ವಿಪಿಎನ್ ಹಿಂದೆ ಇರಲಿ, ಪಾಸ್‌ವರ್ಡ್ ಜೊತೆ ಒಟಿಪಿಯನ್ನೂ ಕೇಳಲಿ.