ಕಾರಿಗನೂರಿನ ಶ್ರೀ ಜೆ. ಎಚ್. ಪಟೇಲರವರು

ಬೆಂಕಿಪುರವೆಂಬ ಪೂರ್ವನಾಮವುಳ್ಳ ಭದ್ರಾವತಿಯ ಹಳೆಯ ಊರಿಗೂ ಚನ್ನಗಿರಿಯ ಸೀಮೆಗೂ ನೆರೆಹೊರೆಯ ನಂಟು ಬಹುಕಾಲದ್ದು. 1997ರವರೆಗೆ ಈ ಎರಡೂ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ದುವು. ಆಡಳಿತದ ಮಟ್ಟಿಗೆ ಆ ನಂಟನ್ನು ಬಿಡಿಸಿದವರು ಚನ್ನಗಿರಿ ಸೀಮೆಯಲ್ಲಿಯೇ ಹುಟ್ಟಿ ಮುಖ್ಯಮಂತ್ರಿಗಳಾದವರೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದಾಗಿದೆ.

ಶ್ರೀ ಜಯದೇವಪ್ಪ ಹಾಲಪ್ಪ ಪಟೇಲರವರು 1930ನೆಯ ಇಸವಿ ಅಕ್ಟೋಬರ್ 1ರಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ವೀರಶೈವ ಮನೆತನದೊಳಗೆ ಜನಿಸಿದರು. ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿದರೂ ಅವರ ಮನಸ್ಸು ಸಮಾಜವಾದದ ಕಡೆಗೆ ಒಲಿಯಿತು. ಅಂದಿನ ಶಿವಮೊಗ್ಗ ಜಿಲ್ಲೆಯು ಅದಕ್ಕೆ ತಕ್ಕ ನೆಲವಾಗಿದ್ದಿತು. ಒಂದು ಕಡೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಗಾರರು. ಇನ್ನೊಂದು ಕಡೆ ಮಲೆನಾಡಿನ ಗೇಣಿದಾರರು. 1951ರಲ್ಲಿ ಕಾಗೋಡಿನ ರೈತ ಸತ್ಯಾಗ್ರಹಕ್ಕೆಂದು ಬಂದ ಡಾ. ರಾಮಮನೋಹರ ಲೋಹಿಯಾರವರು ಬಂಧಿತರಾದುದೂ ಈ ಜಿಲ್ಲೆಯಲ್ಲಿಯೇ. ಲೋಹಿಯಾರವರ ವಿಚಾರಗಳೂ ಶಾಂತವೇರಿ ಗೋಪಾಲಗೌಡರ ಒಡನಾಟವೂ ಪಟೇಲರನ್ನು ರೂಪಿಸಿದುವು.

1967ರಲ್ಲಿ ಅವರು ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗೆಯ ಪ್ರತಿನಿಧಿಯಾಗಿ ಲೋಕಸಭೆಗೆ ಆರಿಸಿಬಂದರು. ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂಬ ಕೀರ್ತಿಯು ಅವರಿಗೆ ಸಂದಿತು. ಇದರ ಮಹತ್ತ್ವವನ್ನು ಅರಿಯಬೇಕಾದರೆ ಆ ಸಭೆಯ ನಿಯಮವನ್ನು ನೋಡಬೇಕು. ಸಂವಿಧಾನದ 120ನೆಯ ವಿಧಿಯ ಪ್ರಕಾರ ಸಂಸತ್ತಿನ ವ್ಯವಹಾರವು ಹಿಂದೀ ಇಲ್ಲವೆ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಆ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ತಿಳಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅಪ್ಪಣೆ ಕೊಡಬಹುದು. ಅಂದರೆ ಕನ್ನಡಕ್ಕೆ ಅಲ್ಲಿದ್ದುದು ಅಶಕ್ತನಿಗೆ ತೋರುವ ದಯೆಯ ಬಾಗಿಲು ಮಾತ್ರ. ಕಾನೂನನ್ನು ಓದಿದ ಪಟೇಲರಿಗೆ ಇಂಗ್ಲಿಷ್ ಬಾರದ ಭಾಷೆಯಾಗಿರಲಿಲ್ಲ. ಬರುವ ಭಾಷೆಯನ್ನು ಬದಿಗಿಟ್ಟು, ತಮ್ಮನ್ನು ಕಳುಹಿಸಿದ ಜನರ ಭಾಷೆಯನ್ನು ಅವರು ಎತ್ತಿಕೊಂಡರು. ಸಂಸ್ಕೃತವು ಪಂಡಿತರ ಸೊತ್ತಾಗಿದ್ದ ಕಾಲದಲ್ಲಿ ಬಸವಾದಿ ಶರಣರು ಅನುಭಾವವನ್ನು ತಿಳಿಗನ್ನಡದಲ್ಲಿ ಆಡಿದುದನ್ನು ಬಲ್ಲ ಭಕ್ತವೃಂದಕ್ಕೆ ಈ ನಡೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆಂದು ಅವರನ್ನು ವಿರಕ್ತರ ಸಾಲಿಗೆ ಸೇರಿಸುವುದು ಸತ್ಯಕ್ಕೆ ದೂರವಾದೀತು. ಪಟೇಲರು ಲೋಕವ್ಯವಹಾರದ ಮನುಷ್ಯರು, ವಿನೋದಪ್ರಿಯರು. ತಮ್ಮ ನಡೆಯ ಕುಂದುಗಳನ್ನು ಸಹ ಮುಚ್ಚಿಡದೆ ಆಡುವ ಸ್ವಭಾವದವರಾದುದರಿಂದ ಮಡಿವಂತರ ಮುನಿಸಿಗೂ ಗುರಿಯಾದರು. ಒಳಗೊಂದು ಹೊರಗೊಂದು ಎಂಬ ದೋಷವನ್ನಂತೂ ಅವರ ಮೇಲೆ ಹೊರಿಸುವಂತಿಲ್ಲ.

1975ರ ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನು ಅನುಭವಿಸಿ, 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. ಮುಂದೆ ಮಂತ್ರಿಗಳಾಗಿ, 1994ರಲ್ಲಿ ಉಪಮುಖ್ಯಮಂತ್ರಿಗಳಾಗಿ, ಶ್ರೀ ಎಚ್. ಡಿ. ದೇವೇಗೌಡರವರು ಪ್ರಧಾನಿಗಳಾಗಿ ದೆಹಲಿಗೆ ತೆರಳಲು 1996ನೆಯ ಇಸವಿ ಮೇ 31ರಂದು ಮುಖ್ಯಮಂತ್ರಿಗಳ ಪದವಿಯನ್ನು ವಹಿಸಿಕೊಂಡರು.

ಅವರ ಆಡಳಿತದಲ್ಲಿ ಬಹುಕಾಲ ಉಳಿಯತಕ್ಕ ಕಾರ್ಯವೆಂದರೆ 1997ರ ಜಿಲ್ಲೆಗಳ ವಿಭಾಗವೇ ಸರಿ. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಎಂಬ ಏಳು ಹೊಸ ಜಿಲ್ಲೆಗಳು ಏರ್ಪಟ್ಟು, 20 ಇದ್ದುವು 27 ಆದುವು. ದೂರದ ಊರಿನ ಕಚೇರಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಾಹೇಬರಿಲ್ಲವೆಂದು ಕೇಳಿ ಹಿಂದಿರುಗುತ್ತಿದ್ದ ಬಡ ರೈತನಿಗೆ ಇದರ ಬೆಲೆ ತಿಳಿದಿದೆ. ಆಗಸ್ಟ್ 15ರಂದು ಉದಯಿಸಿದ ದಾವಣಗೆರೆ ಜಿಲ್ಲೆಗೆ ಚಿತ್ರದುರ್ಗ, ಬಳ್ಳಾರಿಗಳ ಭಾಗಗಳೊಡನೆ ಶಿವಮೊಗ್ಗೆಯ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳೂ ಸೇರಿದುವು. ತಮ್ಮನ್ನು ಲೋಕಸಭೆಗೆ ಕಳುಹಿಸಿದ ಜಿಲ್ಲೆಯಿಂದ ತಮ್ಮ ಹುಟ್ಟೂರನ್ನೇ ಪಟೇಲರು ಬೇರೆಯಾಗಿಸಿದರು.

1999ರಲ್ಲಿ ಜನತಾದಳವು ಒಡೆಯಿತು. ಪಟೇಲರು ಶ್ರೀ ರಾಮಕೃಷ್ಣ ಹೆಗಡೆಯವರೊಡನೆ ಸಂಯುಕ್ತ ಜನತಾದಳದಲ್ಲಿ ನಿಂತರು. ಆ ಪಕ್ಷವು ಭಾರತೀಯ ಜನತಾಪಕ್ಷದ ಮೈತ್ರಿಯನ್ನು ಮಾಡಿತು. ಲೋಹಿಯಾರವರ ಶಿಷ್ಯರಿಗೆ ಇದು ಒಪ್ಪುವ ದಾರಿಯೇ ಎಂದು ಹಳೆಯ ಸಂಗಡಿಗರು ಕೇಳಿದ ಪ್ರಶ್ನೆಯಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಚುನಾವಣೆಯಲ್ಲಿ ಸರಕಾರವು ಬಿದ್ದಿತು. ಮುಖ್ಯಮಂತ್ರಿಗಳು ಹೊಸ ಜಿಲ್ಲೆಗೆ ಸೇರಿಸಿದ ಚನ್ನಗಿರಿಯಲ್ಲಿಯೇ ಸೋತರು. ಮರುವರ್ಷ, 2000ನೆಯ ಇಸವಿ ಡಿಸೆಂಬರ್ 12ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.