ಎಡೆಯಲ್ಲಿ ನಿಂತವರ ಪದಕ

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಸೀಮೆಯನ್ನು ನಮ್ಮ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ಇವೆರಡಕ್ಕೂ ಹಿರಿಯಣ್ಣನಂತೆ ರಾಯಚೂರಿನ ಕೋಟೆ. ಎರಡು ಬಲಗಳ ಎಡೆಗೆ ಸಿಕ್ಕ ನೆಲದ ಪಾಡೇನೆಂಬುದನ್ನು ಇಲ್ಲಿಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಇದಕ್ಕಾಗಿ ತಲೆಮಾರುಗಳ ಕಾಲ ಕಾದಿದರು. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ರಾಯಚೂರಿಗಾಗಿ ನಡೆದ ಯುದ್ಧ ಚರಿತ್ರೆಯಲ್ಲಿ ಹೆಸರಾದದ್ದು. ಗೆದ್ದವನ ಹೆಸರು ಉಳಿಯಿತು, ಸೋತವನದೂ ಉಳಿಯಿತು. ಎರಡು ಸೇನೆಗಳ ನಡುವೆ ನಿಂತು ‘ಇಲ್ಲಿಂದ ಮುಂದೆ ಬರಬೇಡಿ’ ಎಂದು ಇಬ್ಬರಿಗೂ ಹೇಳುವ ಮೂರನೆಯವನು ಮಾತ್ರ ಆ ಕಥೆಯಲ್ಲಿ ಕಾಣಸಿಗುವುದಿಲ್ಲ.

ವೀರನನ್ನು ಗೌರವಿಸುವ ಬಗೆ ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ, ಊರಳಿವಿನಲ್ಲಿ ಕಾದಿ ಸತ್ತವನಿಗೆ, ಪೆಣ್ಬುಯ್ಯಲಿನಲ್ಲಿ ಹೆಣ್ಣಿನ ಮಾನ ಕಾಯಲು ಬಿದ್ದವನಿಗೆ ವೀರಗಲ್ಲು ನಿಲ್ಲಿಸಿದರು. ಕೆಳಗೆ ಕಾಳಗ, ನಡುವೆ ಅವನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ಗೆದ್ದು ಬಂದವನಿಗೆ ಕತ್ತಿ ತೊಳೆದು ಕೊಡುವ ಬಾಳ್ಗಳ್ಚು. ಅರಸರ ಆಸ್ಥಾನದಲ್ಲಿ ಸಂಧಿವಿಗ್ರಹಿಯೆಂಬ ಅಧಿಕಾರಿಯೂ ಇದ್ದ. ಅವನ ಹೆಸರಿನಲ್ಲಿ ಸಂಧಿ ಮೊದಲು, ವಿಗ್ರಹ ಆಮೇಲೆ. ಆದರೆ ಊರ ಮುಂದೆ ಕಲ್ಲು ನಿಂತದ್ದು ಬಹುಮಟ್ಟಿಗೆ ವಿಗ್ರಹಕ್ಕೇ.

ಕಾದದೆ ನಿಂತವನಿಗೂ ಒಂದು ಗುರುತು ಬೇಕೆಂಬ ವಿಚಾರ ನಮ್ಮ ಶತಮಾನಗಳಲ್ಲಿ ತೀರ ಈಚಿನದು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ವಿಶ್ವಸಂಸ್ಥೆ ಈಜಿಪ್ಟಿಗೆ ತುರ್ತುಪಡೆಯೊಂದನ್ನು ಕಳಿಸಿತು. ಭಾರತದ ಸೈನಿಕರೂ ಅದರಲ್ಲಿದ್ದರು. ದೂರದಿಂದಲೇ ಗುರುತು ಸಿಗಲೆಂದು ಅವಸರದಲ್ಲಿ ಶಿರಸ್ತ್ರಾಣಗಳಿಗೆ ಬಳಿದ ತಿಳಿನೀಲಿ ಬಣ್ಣವೇ ಮುಂದೆ ಶಾಂತಿಪಾಲಕರ ಬಣ್ಣವಾಯಿತು. ಆ ಪಡೆಗೆ ಕೊಟ್ಟ ಪದಕದ ಪಟ್ಟಿಯಲ್ಲಿ ಸಿನಾಯ್ ಮರುಭೂಮಿಯ ಮರಳಿನ ಬಣ್ಣವಿದೆ, ನೈಲ್ ಕಣಿವೆಯ ಹಸುರೂ ಇದೆ. ಮುಂದೆ ಒಂದೊಂದು ಕಾರ್ಯಾಚರಣೆಗೂ ಒಂದೊಂದು ಬಣ್ಣದ ಪಟ್ಟಿ ಬಂದಿತು. ಪದಕ ಮಾತ್ರ ಸರಳವಾದ ಕಂಚಿನದು. ಒಂದು ಬದಿಯಲ್ಲಿ ವಿಶ್ವಸಂಸ್ಥೆಯ ಲಾಂಛನ, ಇನ್ನೊಂದು ಬದಿಯಲ್ಲಿ ‘ಶಾಂತಿಯ ಸೇವೆಯಲ್ಲಿ’ ಎಂಬರ್ಥದ ಇಂಗ್ಲಿಷ್ ಮಾತು. ಸಾಮಾನ್ಯವಾಗಿ 90 ದಿನ ಸೇವೆ ಸಲ್ಲಿಸಿದವರೆಲ್ಲರಿಗೂ, ಸೇನಾಪತಿಗೂ ಅಡಿಗೆಯವನಿಗೂ, ಅದೇ ಪದಕ. ಎಷ್ಟು ಜನರನ್ನು ಕೊಂದೆ, ಯಾವ ಕೋಟೆ ಹಿಡಿದೆ ಎಂದು ಅದು ಕೇಳುವುದಿಲ್ಲ. ಎಷ್ಟು ದಿನ ನಿಂತೆ ಎಂದಷ್ಟೇ ಕೇಳುತ್ತದೆ. ಹೊರನಾಡಿನಲ್ಲಿ ಸೇವೆ ಮಾಡಿದ ತನ್ನ ಯೋಧರಿಗಾಗಿ ಭಾರತ ಸರಕಾರವೂ 1960ರಲ್ಲಿ ವಿದೇಶ ಸೇವಾ ಪದಕವನ್ನು ಸ್ಥಾಪಿಸಿತು.

ಹೀಗೆ ನಿಲ್ಲುವುದು ಸುಲಭವೆಂದು ತೋರಬಹುದು. ಅದು ಎಷ್ಟು ಕಷ್ಟವೆಂಬುದನ್ನು ಕನ್ನಡನಾಡಿನ ಒಬ್ಬ ಸೇನಾನಿಯ ಬಾಳೇ ಹೇಳುತ್ತದೆ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದವರು. 1953ರಲ್ಲಿ ಕೊರಿಯಾದಲ್ಲಿ ಕದನವಿರಾಮವಾದಾಗ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ಅದಕ್ಕಾಗಿ ರಚಿತವಾದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಒಂದು ಪಕ್ಷದಿಂದ 22,000ಕ್ಕೂ ಹೆಚ್ಚು, ಇನ್ನೊಂದು ಪಕ್ಷದಿಂದ 359 ಕೈದಿಗಳು ಭಾರತೀಯರ ಕಾವಲಿಗೆ ಬಂದರು. ಆ ಕಾವಲುಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಥೋರಟ್. ಶಿಬಿರದ ಕೈದಿಗಳು ಭಾರತದ ಒಬ್ಬ ಮೇಜರನ್ನೇ ಹಿಡಿದಿಟ್ಟುಕೊಂಡಾಗ, ಥೋರಟರು ಬೇಲಿಯ ಒಳಹೊಕ್ಕು ಮಾತಿನಿಂದಲೇ ಬಿಡಿಸಿ ತಂದರು. ಅವರಿಗೆ ಅಶೋಕ ಚಕ್ರ ಎರಡನೆಯ ವರ್ಗದ ಗೌರವ ಸಂದಿತು. ತಿಮ್ಮಯ್ಯನವರನ್ನೋ ಎರಡೂ ಪಕ್ಷಗಳು ಟೀಕಿಸಿದವು. ನಡುವೆ ನಿಂತವನಿಗೆ ಎರಡೂ ಕಡೆಯ ಬೈಗುಳ ತಪ್ಪದು. ಒಂದೇ ಕಡೆಯಿಂದ ಬಂದಿದ್ದರೆ ಅವನು ಸರಿಯಾಗಿ ನಡುವೆ ನಿಂತಿಲ್ಲವೆಂದೇ ಅರ್ಥ. ಕೊನೆಗೆ ಎರಡೂ ಬಣಗಳನ್ನು ಒಲ್ಲದೆ ತಟಸ್ಥ ದೇಶವನ್ನು ಬಯಸಿದ 88 ಕೈದಿಗಳು ಭಾರತೀಯರೊಡನೆ ಹೊರಟು ಇಲ್ಲಿಗೆ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ದೊರೆಯಿತು.

ಭೂಸೇನೆಯ ಮುಖ್ಯಸ್ಥರಾಗಿದ್ದು 1961ರಲ್ಲಿ ನಿವೃತ್ತರಾದ ಮೇಲೂ ಅವರಿಗೆ ಎಡೆಯ ಕರೆ ತಪ್ಪಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಲಹವೆದ್ದು, ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಅಧಿಕಾರಿಯೊಬ್ಬನು ಹಸುರು ಬಣ್ಣದಲ್ಲಿ ಗೆರೆ ಎಳೆದಿದ್ದ. 1964ರಲ್ಲಿ ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಪಡೆಗೆ ಅದೇ ವರ್ಷ ತಿಮ್ಮಯ್ಯನವರು ದಂಡನಾಯಕರಾದರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. 1966ರಲ್ಲಿ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ನಡುವೆ ನಿಂತವನಿಗೆ ಪರನಾಡಿನವರು ನಿಲ್ಲಿಸಿದ ಕಾಗದದ ವೀರಗಲ್ಲು ಅದು.

ಆದರೆ ಸೈಪ್ರಸ್ಸಿಗೆ ಶಾಂತಿ ಬಂದಿತೆ? 1974ರಲ್ಲಿ ಯುದ್ಧವಾಗಿ ದ್ವೀಪ ಇಬ್ಭಾಗವಾಯಿತು. ಸಿನಾಯ್‌ನಲ್ಲಿಯೂ 1967ರಲ್ಲಿ ಪಡೆಯನ್ನು ಹೊರಡಿಸಿದೊಡನೆ ಯುದ್ಧ ಸಿಡಿಯಿತು. ಗಾಜಾದಲ್ಲಿದ್ದ ಭಾರತೀಯ ಶಾಂತಿಪಾಲಕರೂ ಅದರಲ್ಲಿ ಸತ್ತರು. ಕಾಂಗೋದಲ್ಲಿ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಕಾದಿಯೇ ಮಡಿದು ಪರಮವೀರ ಚಕ್ರ ಪಡೆದರು. ಶಾಂತಿಯ ಸೇವೆಯೆಂದರೆ ರಕ್ತವಿಲ್ಲದ ಸೇವೆಯೆಂದು ಭಾವಿಸುವಂತಿಲ್ಲ. 1988ರಲ್ಲಿ ಶಾಂತಿಪಾಲನಾ ಪಡೆಗಳಿಗೆ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಆದರೂ ಅವರು ಶಾಂತಿಯನ್ನು ಸಾಧಿಸಿಬಿಟ್ಟರೆಂದು ಯಾವ ಪದಕವೂ ಹೇಳಿಲ್ಲ. ಕೃಷ್ಣಸಂಧಾನ ವಿಫಲವಾಯಿತೆಂದು ಸಂಧಾನಕ್ಕೆ ಹೋದದ್ದೇ ತಪ್ಪೆಂದು ನಮ್ಮಲ್ಲಿ ಯಾರೂ ಹೇಳಲಿಲ್ಲವಲ್ಲ!

ಹಾಗಾದರೆ ಈ ಕಂಚಿನ ಬಿಲ್ಲೆ ಯಾವುದಕ್ಕೆ ಸಾಕ್ಷಿ? ಬಂದೂಕು ಸುಮ್ಮನಿದ್ದ ಕೆಲವು ದಿನಗಳಿಗೆ ಸಾಕ್ಷಿ. ಆ ದಿನಗಳ ಬೆಲೆಯನ್ನು ರಾಜಧಾನಿಗಳಲ್ಲಿ ಕುಳಿತವರಿಗಿಂತ ಎಡೆಯ ನೆಲದಲ್ಲಿ ಬಾಳುವವರು ಚೆನ್ನಾಗಿ ಬಲ್ಲರು. 1520ರ ಆ ಬೇಸಗೆಯಲ್ಲಿ ಎಡೆದೊರೆಯ ರೈತನಿಗೆ ಬೇಕಾಗಿದ್ದದ್ದು ಯಾರ ಜಯವೋ ಅಥವಾ ಬಿತ್ತಿ ಬೆಳೆಯಲು ಬಿಡುವೋ ಎಂದು ಕೇಳಿದರೆ ಉತ್ತರ ಕಷ್ಟವಲ್ಲ. ಸೈಪ್ರಸ್ಸಿನಲ್ಲಿ ಇಂದಿಗೂ ವಿಶ್ವಸಂಸ್ಥೆಯ ಪಡೆ ಕಾಯುತ್ತಿರುವ ನಡುಪಟ್ಟಿಯಿದೆ. ಅದರ ಕೆಲವು ಹೊಲಗಳಲ್ಲಿ, ಆ ಪಡೆಯ ಪರವಾನಗಿ ಪಡೆದ ರೈತರು ಈಗಲೂ ಉಳುತ್ತಾರೆ.