ಕಂಬಿಯ ಹಿಂದೆ ಕಂಪ್ಯೂಟರ್: ದಾವಣಗೆರೆ ಜಿಲ್ಲೆಯ ವಿಚಾರಣಾಧೀನ ಕೈದಿಗಳ ಕುರಿತು ಒಂದು ಟಿಪ್ಪಣಿ

ಕೈದಿಗೆ ಕಂಪ್ಯೂಟರ್ ಸಿಗಬೇಕೇ ಎಂಬ ಚರ್ಚೆ ಭದ್ರತೆಯ ಮಾತಿನಲ್ಲೇ ಮುಗಿದುಹೋಗುವುದುಂಟು. ತನ್ನ ಪ್ರಕರಣ ಎಲ್ಲಿಗೆ ಬಂತೆಂದು ತಿಳಿಯುವುದಕ್ಕಾದರೂ ಅದು ಅವನಿಗೆ ಸಿಗಬೇಕೆಂಬುದು ಈ ಟಿಪ್ಪಣಿಯ ನಿಲುವು.

ಭದ್ರತೆಯ ಅಂಜಿಕೆಗೆ ಆಧಾರವಿದೆ. ಅಮೆರಿಕದ ಓಹಾಯೊ ರಾಜ್ಯದ ಮೇರಿಯನ್ ಸೆರೆಮನೆಯಲ್ಲಿ ಹಳೆಯ ಕಂಪ್ಯೂಟರ್ ಬಿಚ್ಚುವ ಕೆಲಸವನ್ನು ಕೈದಿಗಳಿಗೆ ವಹಿಸಲಾಗಿತ್ತು. ಅವರು ಆ ಬಿಡಿಭಾಗಗಳಿಂದಲೇ ಎರಡು ಕಂಪ್ಯೂಟರ್ ಜೋಡಿಸಿದರು. ಪ್ಲೈವುಡ್ ಹಲಗೆಯ ಮೇಲಿಟ್ಟು ಚಾವಣಿಯೊಳಗೆ ಅಡಗಿಸಿ, ಸೆರೆಮನೆಯ ಜಾಲಕ್ಕೆ ತಂತಿ ಎಳೆದರು. ಗುತ್ತಿಗೆ ನೌಕರನೊಬ್ಬನ ಲಾಗಿನ್ ಅವನು ಕೆಲಸಕ್ಕೆ ಬಾರದ ದಿನಗಳಲ್ಲೂ ಬಳಕೆಯಾಗಿದ್ದು 2015ರಲ್ಲಿ ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಯಿತು. ಮತ್ತೊಬ್ಬ ಕೈದಿಯ ಹೆಸರಿನಲ್ಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದು 2017ರ ತನಿಖಾ ವರದಿಯಲ್ಲಿದೆ.

ಅಂಥದೇ ಜಾಣ್ಮೆ ಹರಿಯಾಣದ ಭೋಂಡ್ಸಿ ಜೈಲಿನಲ್ಲಿ ಸಾರ್ಥಕವಾಯಿತು. ವಿಚಾರಣಾಧೀನನಾಗಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಅಧಿಕಾರಿಗಳ ಒಪ್ಪಿಗೆಯಿಂದ ಜೈಲಿನ ದಾಖಲೆಗಳಿಗೆ ತಂತ್ರಾಂಶ ರೂಪಿಸಿದ. ಕೈದಿ ಹೆಬ್ಬೆರಳು ಒತ್ತಿದರೆ ಮುಂದಿನ ವಾಯಿದೆಯೂ ಕ್ಯಾಂಟೀನ್ ಖಾತೆಯ ಬಾಕಿಯೂ ಪರದೆಯ ಮೇಲೆ ಕಾಣುವ ಏರ್ಪಾಡು ಅದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಟ್ಟಿಗೆ ಇಂಥ ಏರ್ಪಾಡಿನ ಅಗತ್ಯ ದೊಡ್ಡದು. ಜಿಲ್ಲಾ ಕಾರಾಗೃಹ ದಾವಣಗೆರೆಯಲ್ಲಿದೆ. ಪ್ರಕರಣ ಚನ್ನಗಿರಿಯದೋ ಜಗಳೂರಿನದೋ ಆಗಿರುತ್ತದೆ. ನ್ಯಾಯಾಂಗ ಬಂಧನವನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ಮುಂದುವರಿಸಲು ಕಾನೂನಿನಲ್ಲಿ ಅವಕಾಶವಿದೆ. ಅಂಥ ಕಲಾಪದಲ್ಲಿ ಪರದೆ ಕೈದಿಯನ್ನು ನ್ಯಾಯಾಧೀಶರಿಗೆ ತೋರಿಸುತ್ತದೆ; ಪ್ರಕರಣದ ಕಡತವನ್ನು ಕೈದಿಗೆ ತೋರಿಸುವುದಿಲ್ಲ. ಊರಿನಲ್ಲಿರುವ ಮನೆಯವರು ಪ್ರಕರಣವನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಒತ್ತಿ ಮೊಬೈಲಿನಲ್ಲೇ ವಾಯಿದೆ ನೋಡಬಲ್ಲರು. ಒಳಗಿರುವವನು ಅದನ್ನು ವಕೀಲರಿಂದಲೋ ಜೈಲು ಸಿಬ್ಬಂದಿಯಿಂದಲೋ ಕೇಳಿ ತಿಳಿಯಬೇಕು.

ಜಾಮೀನು ಸಿಕ್ಕಿಯೂ ಬಿಡುಗಡೆಯಾಗದವರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸ್ಪಷ್ಟ ನಿರ್ದೇಶನ ಕೊಟ್ಟಿದೆ. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲು ಅಧೀಕ್ಷಕರಿಗೆ, ಅವರಿಂದ ಕೈದಿಗೆ ತಲುಪಬೇಕು. ಆದೇಶದ ದಿನಾಂಕ ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಾಗಬೇಕು. 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಪಹಣಿ ಹಿಡಿದು ನ್ಯಾಯಾಲಯಕ್ಕೆ ಬರುವ ಜಾಮೀನುದಾರ ಸಿಗದ ಬಡವನಿಗೆ ಈ 7 ದಿನಗಳ ಲೆಕ್ಕ ಬಲು ಮುಖ್ಯ. ಆದೇಶವಾದದ್ದೇ ಅವನಿಗೆ ತಿಳಿಯದಿದ್ದರೆ ಲೆಕ್ಕ ಕೇಳುವವರಾರು?

ಜೈಲಿನೊಳಗೆ ಕದ್ದು ತರುವ ಮೊಬೈಲ್ ವಿರುದ್ಧ ಕರ್ನಾಟಕ ಕಾನೂನು ಬಿಗಿ ಮಾಡಿದೆ. ಅದು ಸರಿಯಾದ ಕ್ರಮ. ಅದರ ಜೊತೆಗೆ ಹೊರಜಾಲದ ಸಂಪರ್ಕವಿಲ್ಲದೆ, ತನ್ನ ವಾಯಿದೆ ಮತ್ತು ಆದೇಶವನ್ನಷ್ಟೇ ಕನ್ನಡದಲ್ಲಿ ತೋರಿಸುವ ಪರದೆಯೊಂದು ಪ್ರತಿ ಜೈಲಿನಲ್ಲೂ ಕೈದಿಯ ಕೈಗೆಟಕುವಂತಿರಬೇಕು. ಬಳಕೆ ಕಲಿಸುವ ಹೊಣೆಯನ್ನು ಕಾನೂನು ಸೇವೆಗಳ ಪ್ರಾಧಿಕಾರ ಹೊರಬೇಕು. ಅಪರಾಧ ಸಾಬೀತಾಗುವವರೆಗೆ ವಿಚಾರಣಾಧೀನ ಕೈದಿ ನಿರಪರಾಧಿ. ತನ್ನ ಪ್ರಕರಣದ ಸ್ಥಿತಿಯನ್ನು ತಾನೇ ಓದಿಕೊಳ್ಳುವುದು ಅವನ ಹಕ್ಕು.